ಐಸ್ ಮಾಮ ಅಂಟಿಸಿದ ಚೀಟಿ

ನಾನು ಅವರನ್ನು ಮೊದಲ ಸಲ ನೋಡಿದಾಗ ಅವರು ಕಂಪ್ಯೂಟರಿನ ಡಬ್ಬಕ್ಕೆ ಕಿವಿ ಆನಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದರು.

ಅದು ಲೈಬ್ರರಿಯಲ್ಲಿ ನನ್ನ ಕೆಲಸದ ಮೊದಲ ದಿನ. ಮೇಲಿನ ಮಹಡಿಯಲ್ಲಿ ಲೈಬ್ರರಿಯನ್ ಮೇಡಂ ನನ್ನ ಕಾಗದಪತ್ರ ನೋಡಿ, ಸಹಿ ಹಾಕಿಸಿಕೊಂಡು, "ಕೆಳಗೆ ಕಂಪ್ಯೂಟರ್ ರೂಮಿದೆ, ಹೋಗಿ ನೋಡ್ಕೊಂಡು ಬಾ" ಎಂದು ಕಳಿಸಿದ್ದರು. ಕಟ್ಟಡ ಹಿಂದೊಮ್ಮೆ ದವಸದ ಉಗ್ರಾಣವಾಗಿತ್ತಂತೆ. ನೆಲಮಾಳಿಗೆಗೆ ಹದಿನಾಲ್ಕು ಮೆಟ್ಟಿಲು. ಗೋಡೆಗಳು ಎಷ್ಟು ದಪ್ಪವೆಂದರೆ, ಏಳನೇ ಮೆಟ್ಟಿಲು ಇಳಿಯುವಷ್ಟರಲ್ಲಿ ಫೋನಿನ ಸಿಗ್ನಲ್ ಪೂರ್ತಿ ಹೋಗುತ್ತದೆ. ಕೆಳಗೆ ಮೂರು ಮೇಜು, ಮೂರು ಕಂಪ್ಯೂಟರ್, ಒಂದು ಕಬ್ಬಿಣದ ಬೀರು. ಸೂರಿನ ಹತ್ತಿರ ಉದ್ದಕ್ಕೆ ಒಂದು ಸಣ್ಣ ಕಿಟಕಿ. ಅದರಲ್ಲಿ ರಸ್ತೆಯಲ್ಲಿ ಹೋಗುವವರ ಪಾದಗಳು ಮಾತ್ರ ಕಾಣುತ್ತಿದ್ದವು.

ಎರಡನೇ ಮೇಜಿನ ಹತ್ತಿರ ಆ ಮನುಷ್ಯ ಕೂತಿದ್ದರು. ಅರವತ್ತರ ಹತ್ತಿರದ ವಯಸ್ಸು, ಬೋಳುತಲೆ, ತೋಳು ಮಡಿಸಿದ ಬೂದುಬಣ್ಣದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಒಂದು ಸ್ಕ್ರೂಡ್ರೈವರ್.

"ಸರ್," ಎಂದೆ.

ಅವರು ಕಣ್ಣು ತೆರೆಯದೆ ಒಂದು ಬೆರಳೆತ್ತಿ ನನ್ನನ್ನು ತಡೆದರು. ಇನ್ನೂ ಸ್ವಲ್ಪ ಹೊತ್ತು ಕೇಳಿಸಿಕೊಂಡು ಕಿವಿ ತೆಗೆದರು.

"ಫ್ಯಾನಿನ ಬೇರಿಂಗ್ ಒಣಗಿದೆ. ಇನ್ನೊಂದು ಮೂರು ತಿಂಗ್ಳು ಎಳೆಯುತ್ತೆ. ನೀನು ಹೊಸದಾಗಿ ಬಂದಿರೋಳಾ?"

"ಹೌದು ಸರ್. ಇವತ್ತಿಂದ."

"ಸರ್ ಗಿರ್ ಎಲ್ಲ ಮೇಲಿನ ಮಹಡಿಗೆ. ಕೆಳಗೆ ನನ್ನ ಎಲ್ರೂ ಐಸ್ ಮಾಮ ಅಂತಾರೆ. ನಿನ್ನ ಅಕ್ಷರ ಹೇಗಿದೆ?"

ನನಗೆ ಅರ್ಥವಾಗಲಿಲ್ಲ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಯಾವ ವಿಷಯ ಓದಿದೆ, ಎಷ್ಟು ಮಾರ್ಕು ಬಂತು ಎಂಬ ಪ್ರಶ್ನೆಗಳಿಗೆ ಉತ್ತರ ತಯಾರು ಮಾಡಿಕೊಂಡು ಬಂದಿದ್ದೆ. ಅಕ್ಷರದ ಬಗ್ಗೆ ಯಾರೂ ಕೇಳಿರಲಿಲ್ಲ.

"ಅಂದ್ರೆ, ನೀನು ಬರೆದಿದ್ದನ್ನ ಇನ್ನೊಬ್ರು ಓದಬಹುದಾ? ಡಾಕ್ಟ್ರ ಚೀಟಿ ಥರ ಇದ್ರೆ ನನಗೆ ಬೇಡ."

"ಓದಬಹುದು."

ಅವರು ಬೀರುವಿನಿಂದ ಉದ್ದನೆಯ, ದಪ್ಪ ರಟ್ಟಿನ ಪುಸ್ತಕವೊಂದನ್ನು ತೆಗೆದು ನನ್ನ ಮುಂದೆ ಇಟ್ಟರು. ಪ್ರತಿ ಪುಟದಲ್ಲೂ ಗೆರೆ ಹೊಡೆದು ಕಾಲಂ ಮಾಡಿದ್ದರು: ದಿನ, ಗಂಟೆ, ಯಾವ ಯಂತ್ರ, ಏನು ಮಾಡಿದ್ದು. ನಾನು ನೀಟಾಗಿ ಬರೆದೆ: 'ಎರಡನೇ ಕಂಪ್ಯೂಟರಿನ ಫ್ಯಾನಿನ ಸದ್ದು ಪರೀಕ್ಷಿಸಲಾಯಿತು.'

ಅವರು ಕನ್ನಡಕ ಏರಿಸಿ ಓದಿದರು. "ಅಕ್ಷರ ಚೆನ್ನಾಗಿದೆ. ಆದ್ರೆ ಯಾರು ಮಾಡಿದ್ದು ಅಂತ ಇಲ್ವಲ್ಲ. ದೆವ್ವ ಬಂದು ಕೇಳಿಸ್ಕೊಂಡು ಹೋಯ್ತಾ? ಇದರಲ್ಲಿ ಬರೆಯೋ ಪ್ರತಿ ಸಾಲಲ್ಲೂ ಒಬ್ಬ ಮನುಷ್ಯ ಇರಬೇಕು ಕಣಮ್ಮ."

ನಾನು ಹೊಡೆದುಹಾಕಿ ಮತ್ತೆ ಬರೆದೆ: 'ಐಸ್ ಮಾಮ ಕೇಳಿದರು.' ಅವರು ಪಕ್ಕದಲ್ಲಿ ಒಂದು ರೈಟು ಹಾಕಿದರು. ನಮ್ಮ ಪರಿಚಯ ಆದದ್ದು ಹೀಗೆ.

ಅವರಿಗೆ ಆ ಹೆಸರು ಯಾಕೆ ಬಂತೆಂದು ಮೊದಲ ವಾರದಲ್ಲೇ ತಿಳಿಯಿತು. ಅವರು ಇಪ್ಪತ್ತಾರು ವರ್ಷ ಐಸ್ ಫ್ಯಾಕ್ಟರಿಯಲ್ಲಿ ಕಂಪ್ರೆಸರ್ ನೋಡಿಕೊಂಡವರು. ಹಗಲು ರಾತ್ರಿ ಓಡುವ ಯಂತ್ರ. ಗಂಟೆಗೊಮ್ಮೆ ಒತ್ತಡ ಎಷ್ಟು, ಉಷ್ಣತೆ ಎಷ್ಟು ಎಂದು ಪುಸ್ತಕದಲ್ಲಿ ಬರೆಯಬೇಕು, ಬರೆದವರು ಸಹಿ ಹಾಕಬೇಕು. ಕಿವಿಯಿಂದ ಯಂತ್ರ ನೋಡುವುದನ್ನೂ ಪುಸ್ತಕ ಇಡುವುದನ್ನೂ ಅವರು ಅಲ್ಲಿಂದಲೇ ತಂದಿದ್ದರು. ಕೊನೆಯ ಕೆಲವು ವರ್ಷಗಳಲ್ಲಿ ಫ್ಯಾಕ್ಟರಿಯವರು ಉಷ್ಣತೆ ದಾಖಲಿಸಲು ಒಂದು ಕಂಪ್ಯೂಟರ್ ತಂದಿಟ್ಟರು. ಅದರಲ್ಲಿ ಇದ್ದದ್ದು ಲಿನಕ್ಸ್. ಅದನ್ನು ಕೂರಿಸಿದ ಇಂಜಿನಿಯರ್ ಒಂದು ದಿನ ಬಂದವರು ಮತ್ತೆ ಮುಖ ತೋರಿಸಲಿಲ್ಲ. ಐಸ್ ಮಾಮ ದಪ್ಪನೆಯ ಕೈಪಿಡಿ ಇಟ್ಟುಕೊಂಡು, ಒತ್ತಿದ ಪ್ರತಿ ಗುಂಡಿಯನ್ನೂ ಬರೆದುಕೊಂಡು, ತಾವೇ ಕಲಿತರು. ಫ್ಯಾಕ್ಟರಿ ಮುಚ್ಚಿದಾಗ ಗುಜರಿಗೆ ಹೋಗಬೇಕಿದ್ದ ಆ ಕಂಪ್ಯೂಟರನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಮನೆಗೆ ತಂದರು.

"ಇನ್ನೊಂದು ಬಾಯಿ ಮನೆಗೆ ತಂದ್ರಾ? ಅದೂ ಕರೆಂಟ್ ತಿನ್ನೋ ಬಾಯಿ," ಎಂದು ಹೆಂಡತಿ ಬೈದರಂತೆ. ಈ ಮಾತನ್ನು ಅವರೇ ನನಗೆ ಹೇಳಿ ನಗುತ್ತಿದ್ದರು. ಆ ಕಂಪ್ಯೂಟರೇ ನಮ್ಮ ಮೂರನೇ ಮೇಜಿನ ಮೇಲಿರುವುದು. ಅದರ ಜೊತೆಗೇ ಅವರೂ ಲೈಬ್ರರಿಗೆ ಬಂದರು. ವಾರದಲ್ಲಿ ನಾಲ್ಕು ದಿನ, ಅರ್ಧ ದಿನದ ಕೆಲಸ.

ಹೆಸರಿಗೆ ಇನ್ನೊಂದು ಕಾರಣವೂ ಇತ್ತು. ಅವರು ಬಿಸಿಯಾದದ್ದನ್ನು ಯಾರೂ ನೋಡಿರಲಿಲ್ಲ.

ಆದರೆ ಒಂದು ವಿಷಯದಲ್ಲಿ ಅವರು ಹಟಮಾರಿ. ಓಡುತ್ತಿರುವ ಯಂತ್ರವನ್ನು ಯಾರೂ ನಿಲ್ಲಿಸುವಂತಿರಲಿಲ್ಲ. ಅವರು ಫ್ಯಾಕ್ಟರಿಗೆ ಸೇರಿ ಹನ್ನೊಂದನೇ ವರ್ಷದಲ್ಲಿ ಹೊಸ ಮ್ಯಾನೇಜರ್ ಒಬ್ಬರು, ಒಂದು ಗಂಟೆ ನಿಲ್ಲಿಸಿ ಕ್ಲೀನ್ ಮಾಡಿ ಎಂದರಂತೆ. ಇವರು ನಿಲ್ಲಿಸಿದರು. ಕಂಪ್ರೆಸರ್ ಎರಡು ದಿನ ಏಳಲೇ ಇಲ್ಲ. ಐಸೆಲ್ಲ ಕರಗಿ ನೀರು ಗೇಟು ದಾಟಿ ರಸ್ತೆಗೆ ಹರಿಯಿತು. ಮೀನು ಮಾರುವವರು ಖಾಲಿ ಬುಟ್ಟಿ ಹಿಡಿದು ಗೇಟಿನ ಮುಂದೆ ನಿಂತರು. ನಿಲ್ಲಿಸಿದವನ ಹೆಸರು ಪುಸ್ತಕದಲ್ಲಿತ್ತು, ಹೇಳಿದವರ ಹೆಸರು ಇರಲಿಲ್ಲ. ಬೈಗುಳವೆಲ್ಲ ಇವರ ತಲೆಗೇ ಬಂತು.

"ನಿಲ್ಸೋಕೆ ಯಾರಿಗೆ ಬೇಕಾದ್ರೂ ಬರುತ್ತೆ ಕಣಮ್ಮ. ಮತ್ತೆ ಎಬ್ಬಿಸೋರು ಯಾರು?" ಎಂದು ಅವರು ಈ ಕಥೆ ಮುಗಿಸುತ್ತಿದ್ದರು.

ಆದ್ದರಿಂದಲೇ ಒಂದನೇ ಕಂಪ್ಯೂಟರಿನ ನೆತ್ತಿಯ ಮೇಲೆ ಒಂದು ಚೀಟಿ ಇತ್ತು. ಕೆಂಪು ಇಂಕಿನಲ್ಲಿ ದಪ್ಪಗೆ 'ಆರಿಸಬೇಡಿ' ಎಂದು ಬರೆದು, ಮೇಲೆ ಅಗಲವಾದ ಸೆಲ್ಲೋಟೇಪು ಹೊಡೆದಿದ್ದರು. ನಾನು ಬರುವುದಕ್ಕೆ ಸ್ವಲ್ಪ ಮುಂಚೆ ಸಿಡಿಲು ಬಡಿದು ಆ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಜಾಗ ಸುಟ್ಟುಹೋಗಿತ್ತಂತೆ. ಅದಕ್ಕೇ ಯುಎಸ್‌ಬಿಗೆ ಸಿಕ್ಕಿಸುವ ವೈಫೈ ಡಾಂಗಲ್ ಒಂದನ್ನು ತರಿಸಿದ್ದರು. ಗೇಣುದ್ದದ ಆಂಟೆನಾ ಇರುವ ಡಾಂಗಲ್. ಆ ದಪ್ಪ ಗೋಡೆಯೊಳಗೆ ಮೇಲಿನ ರೂಟರಿನ ಸಿಗ್ನಲ್ ಹಿಡಿಯುತ್ತಿದ್ದದ್ದು ಅದೊಂದೇ. ಆದರೆ ಅದಕ್ಕೆ ಬೇಕಾದ ಡ್ರೈವರ್, ಅಂದರೆ ಡಾಂಗಲಿಗೂ ಕಂಪ್ಯೂಟರಿಗೂ ನಡುವೆ ಮಾತು ದಾಟಿಸುವ ಸಣ್ಣ ಪ್ರೋಗ್ರಾಂ, ಲಿನಕ್ಸ್‌ನಲ್ಲಿ ಇರಲಿಲ್ಲ. ಐಸ್ ಮಾಮ ಮೂರು ದಿನ ಕೂತು ಅದನ್ನು ಕಟ್ಟಿದ್ದರು. ಡಾಂಗಲಿನ ನೀಲಿ ದೀಪ ಮಿಣುಕಿದ ದಿನವೇ ಚೀಟಿ ಅಂಟಿತ್ತು. ಕರೆಂಟು ಹೋದರೂ ಯುಪಿಎಸ್ ಇತ್ತು. ಹೀಗೆ ಅದು ಒಂದೇ ಸಮ ಓಡುತ್ತಿತ್ತು.

ಆ ಕಂಪ್ಯೂಟರನ್ನು ಹೆಚ್ಚಾಗಿ ಬಳಸುತ್ತಿದ್ದವರು ಐಸ್ ಮಾಮನ ಸೊಸೆ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಆಸ್ಪತ್ರೆಯಲ್ಲಿ ಹನ್ನೆರಡು ವರ್ಷದಿಂದ ಆಯಾ ಕೆಲಸ. ನರ್ಸಿಂಗ್ ತರಬೇತಿಗೆ ಸೇರಬೇಕೆಂಬುದು ಅವರ ಆಸೆ. ಅದಕ್ಕೆ ಆನ್‌ಲೈನ್ ಪ್ರವೇಶ ಪರೀಕ್ಷೆ ಪಾಸಾಗಬೇಕು. ಹಿಂದಿನ ವರ್ಷ ನಾಲ್ಕು ಮಾರ್ಕಿನಲ್ಲಿ ತಪ್ಪಿತ್ತು. ಮೂವತ್ತೈದು ದಾಟಿದವರಿಗೆ ಅವಕಾಶವಿಲ್ಲ, ಅಕ್ಕನಿಗೆ ಮೂವತ್ತೈದು ತುಂಬಲು ಎರಡು ತಿಂಗಳು ಬಾಕಿ. ಇದೇ ಕೊನೆಯ ಸಲ.

ಪಾಳಿ ಮುಗಿಸಿ ನೇರ ನೆಲಮಾಳಿಗೆಗೆ ಬರುತ್ತಿದ್ದರು. ಚಪ್ಪಲಿ ಬಿಟ್ಟು ತಣ್ಣನೆಯ ನೆಲದ ಮೇಲೆ ಪಾದ ಊರಿ, "ಅಬ್ಬಾ, ಮಾವನ ಫ್ಯಾಕ್ಟರಿಗೆ ಬಂದ ಹಾಗಾಯ್ತು" ಎಂದು ಕೂತು ಓದುತ್ತಿದ್ದರು.

"ನಿನ್ನೆ ಓದಿದ್ದು ನೆನಪಿದೆಯಾ?" ಎಂದು ಮಾವ ಕೇಳುವರು.

"ನಿಮ್ಮ ಪುಸ್ತಕದಲ್ಲಿ ಬರೆದಿಲ್ಲ ಮಾವ, ಅದಕ್ಕೇ ಮರ್ತುಹೋಯ್ತು," ಎಂದು ಸೊಸೆ ಹೇಳುವರು.

ಪರೀಕ್ಷೆಯವರ ನಿಯಮ ಬಿಗಿ. ಬರೆಯುವ ಕಂಪ್ಯೂಟರನ್ನು ಒಂದು ವಾರ ಮುಂಚೆಯೇ ಅವರು ಇಂಟರ್ನೆಟ್ಟಿನ ಮೂಲಕ ತಪಾಸಣೆ ಮಾಡಿ ಒಪ್ಪಿಗೆ ಕೊಡಬೇಕು. ನಮ್ಮಲ್ಲಿ ಕ್ಯಾಮೆರಾ ಇದ್ದದ್ದು ಒಂದನೇ ಕಂಪ್ಯೂಟರಿಗೆ ಮಾತ್ರ. ಅದಕ್ಕೆ ಒಪ್ಪಿಗೆ ಸಿಕ್ಕಿತು. ಇನ್ನು ಬೇರೆ ಯಾವುದರಲ್ಲೂ ಬರೆಯುವಂತಿಲ್ಲ.

ಪರೀಕ್ಷೆ ಬೆಳಗ್ಗೆ ಹನ್ನೊಂದಕ್ಕೆ. ನಾನು ಎಂಟೂವರೆಗೇ ಬಂದೆ. ಮೇಜು ಒರೆಸಿ, ಕುರ್ಚಿಯ ಎತ್ತರ ಸರಿಮಾಡಿ, ಪರೀಕ್ಷೆಯ ಸೂಚನೆಗಳ ಹಾಳೆ ತೆಗೆದೆ. ಸೂಚನೆಗಳನ್ನು ಒಂದಕ್ಷರ ಬಿಡದೆ ಓದುವುದು ನನ್ನ ಅಭ್ಯಾಸ. ಚಿಕ್ಕಂದಿನಿಂದ ಯಾವ ಫಾರಂ ತುಂಬುವಾಗಲೂ ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ, ಹಾಳೆಯಲ್ಲಿ ಏನಿದೆಯೋ ಅದೇ ನನಗೆ ಗುರು. ಆ ಹಾಳೆಯ ಆರನೇ ಸಾಲಿನಲ್ಲಿ, ಪರೀಕ್ಷೆಗೆ ಮೊದಲು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿರಬೇಕು ಎಂದಿತ್ತು. ಕಂಪ್ಯೂಟರಿನ ಮೇಲೆ ಆರಿಸಬೇಡಿ ಎಂದಿತ್ತು. ನಾನು ಸ್ವಲ್ಪ ಹೊತ್ತು ಎರಡನ್ನೂ ನೋಡಿದೆ. ಆರಿಸುವುದು ಬೇರೆ, ರೀಸ್ಟಾರ್ಟ್ ಬೇರೆ ಎಂದು ನನಗೆ ನಾನೇ ಹೇಳಿಕೊಂಡು ಒತ್ತಿದೆ.

ಕಂಪ್ಯೂಟರು ಮಲಗಿತು, ಎದ್ದಿತು. ಎಲ್ಲ ಮೊದಲಿನಂತೆಯೇ ಇತ್ತು, ಒಂದನ್ನು ಬಿಟ್ಟು. ಮೂಲೆಯಲ್ಲಿ ವೈಫೈ ಗುರುತು ಇರಲಿಲ್ಲ. ಹಿಂದೆ ಬಗ್ಗಿ ನೋಡಿದೆ. ಡಾಂಗಲಿನ ನೀಲಿ ದೀಪ ಆರಿತ್ತು. ಕಿತ್ತು ಮತ್ತೆ ಸಿಕ್ಕಿಸಿದೆ. ದೀಪ ಹತ್ತಲಿಲ್ಲ.

ಏಳನೇ ಮೆಟ್ಟಿಲು ಹತ್ತಿ ಫೋನ್ ಮಾಡಿದೆ. ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಐಸ್ ಮಾಮನ ಸೈಕಲ್ ಚಕ್ರ ಕಿಟಕಿಯಲ್ಲಿ ಕಂಡಿತು.

"ನಾನು ರೀಸ್ಟಾರ್ಟ್ ಮಾಡ್ಬಿಟ್ಟೆ ಮಾಮ," ಎಂದೆ.

ಅವರು ಚೀಟಿಯ ಕಡೆ ಒಂದು ಸಲ ನೋಡಿದರು. "ಮೊದ್ಲು ಪುಸ್ತಕದಲ್ಲಿ ಬರಿ," ಎಂದಷ್ಟೇ ಹೇಳಿ ಕನ್ನಡಕ ಹಾಕಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು. 'ಎಂಟು ಗಂಟೆ ಐವತ್ತು ನಿಮಿಷ. ಒಂದನೇ ಕಂಪ್ಯೂಟರ್. ನಾನು ರೀಸ್ಟಾರ್ಟ್ ಮಾಡಿದೆ' ಎಂದು ಬರೆದೆ.

"ಪೈಪಿನ ಒಂದು ತುದಿಯಿಂದ ಹಿಡ್ಕೊಂಡು ಬರೋಣ," ಎಂದರು. ಫ್ಯಾಕ್ಟರಿಯಲ್ಲಿ ಎಲ್ಲೋ ಸೋರುತ್ತಿದ್ದರೆ ಅವರು ಹುಡುಕುತ್ತಿದ್ದದ್ದು ಹಾಗೆ. ಅಲ್ಲಿ ಇಲ್ಲಿ ಕೈ ಹಾಕುತ್ತಿರಲಿಲ್ಲ. ಡಾಂಗಲ್ ತೆಗೆದು ಅದೇ ಜಾಗಕ್ಕೆ ಪೆನ್‌ಡ್ರೈವ್ ಸಿಕ್ಕಿಸಿದರು. ಪೆನ್‌ಡ್ರೈವ್ ತೆರೆಯಿತು. ಅಲ್ಲಿಗೆ ಕರೆಂಟು ಬರುತ್ತಿದೆ, ಕಿಂಡಿ ಸರಿ ಇದೆ. ಮತ್ತೆ ಡಾಂಗಲ್ ಸಿಕ್ಕಿಸಿ, ಯುಎಸ್‌ಬಿಗೆ ಏನೇನು ಸಿಕ್ಕಿಸಿದೆ ಎಂದು ಪಟ್ಟಿ ಕೊಡುವ ಕಮಾಂಡ್ ಹೊಡೆದರು. ಐದು ಸಾಲು ಬಂದವು. ಕೀಬೋರ್ಡು, ಮೌಸು, ಕ್ಯಾಮೆರಾ. ನಾಲ್ಕನೇ ಸಾಲಿನಲ್ಲಿ ಡಾಂಗಲ್ ಇತ್ತು.

"ಸತ್ತಿಲ್ಲ. ನೆಂಟ್ರು ಬಾಗಿಲಿಗೆ ಬಂದು ನಿಂತಿದಾರೆ, ಒಳಗೆ ಕರೆಯೋರಿಲ್ಲ, ಅಷ್ಟೇ. ಡ್ರೈವರ್ ಎಲ್ಲಿ ಹೋಯ್ತು?"

ಡ್ರೈವರಿನ ಹೆಸರು ಹಿಡಿದು ಕರೆದರು. ಅಂಥದ್ದು ಯಾವುದೂ ಇಲ್ಲವೆಂದು ಕಂಪ್ಯೂಟರ್ ಉತ್ತರ ಕೊಟ್ಟಿತು. ಅವರ ಹುಬ್ಬು ಗಂಟಾಯಿತು. "ನಾನೇ ಕಟ್ಟಿದ್ದಲ್ವಾ. ಮನೆ ಬಿಟ್ಟು ಎಲ್ಲಿಗೆ ಹೋಯ್ತು?"

ಬೀರುವಿನಿಂದ ಹಳೆಯ ಪುಸ್ತಕ ತೆಗೆದು ಸಿಡಿಲು ಬಿದ್ದ ತಿಂಗಳನ್ನು ಹುಡುಕಿದರು. ಸಿಕ್ಕಿತು. ಅವರದೇ ಅಕ್ಷರ: 'ನಾನು ಡಾಂಗಲಿಗೆ ಡ್ರೈವರ್ ಕಟ್ಟಿದೆ. ಕರ್ನಲ್ ನಂಬರ್ ಕೊನೆಗೆ 91.' ಕರ್ನಲ್ ಎಂದರೆ ಲಿನಕ್ಸಿನ ಎದೆಗುಂಡಿಗೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿರುತ್ತದೆ. ಈಗ ಯಾವ ಕರ್ನಲ್ ಓಡುತ್ತಿದೆ ಎಂದು ಕೇಳಿದರು. ಸ್ಕ್ರೀನಿನಲ್ಲಿ ಬಂದ ನಂಬರು 137ಕ್ಕೆ ಮುಗಿದಿತ್ತು.

"ಹೊಸದು ಯಾರು ಹಾಕಿದ್ದು?"

"ನಾನೇ ಮಾಮ. ಅಪ್‌ಡೇಟ್ ಹಾಕಲಾ ಅಂತ ಅದೇ ಕೇಳ್ತಿತ್ತು. ಕೇಳಿದಾಗೆಲ್ಲ ಹೂಂ ಅಂತ ಒತ್ತಿದೀನಿ."

ಈಗಿನ ಪುಸ್ತಕ ತಿರುವಿದರು. 'ನಾನು ಅಪ್‌ಡೇಟ್ ಹಾಕಿದೆ' ಎಂದು ನನ್ನ ಅಕ್ಷರದಲ್ಲಿ ಹನ್ನೊಂದು ಕಡೆ ಇತ್ತು. ಹನ್ನೊಂದರ ಪಕ್ಕದಲ್ಲೂ ಅವರ ರೈಟು ಇತ್ತು. ಅವರು ಅದನ್ನು ಸ್ವಲ್ಪ ಹೊತ್ತು ನೋಡಿದರು.

"ಗೊತ್ತಾಯ್ತು. ಹೊಸ ಎಂಜಿನ್ ತಂದು ಶೆಡ್ಡಲ್ಲಿ ಇಟ್ಕೊಂಡು, ಇವರು ನಿಲ್ಸಿದಾಗ ಬದಲಾಯಿಸೋಣ ಅಂತ ಅದು ಕಾಯ್ತಾ ಕೂತಿತ್ತು. ನಾವು ನಿಲ್ಲಿಸ್ಲೇ ಇಲ್ಲ. ಇನ್ನೂರ ಹದಿನೆಂಟು ದಿನ. ಇವತ್ತು ನಿಲ್ಸಿದ್ವಿ, ಹೊಸದು ಬಂದು ಕೂತ್ಕೊಂತು. ನನ್ನ ಡ್ರೈವರ್ ಹಳೇ ಎಂಜಿನ್ನಿಗೆ ಕಟ್ಟಿದ್ದು. ಹೊಸದಕ್ಕೆ ಅದರ ಪರಿಚಯವೇ ಇಲ್ಲ."

ಅಷ್ಟರಲ್ಲಿ ಅಕ್ಕ ಬಂದರು. ತಲೆ ಬಾಚಿ ಬಿಗಿಯಾಗಿ ಜಡೆ ಹಾಕಿದ್ದರು. ಕೈಯಲ್ಲಿ ಪ್ರವೇಶಪತ್ರ. ಇಬ್ಬರ ಮುಖ ನೋಡಿಯೇ ಅವರಿಗೆ ತಿಳಿಯಿತು. ಮಾವ ಎರಡು ಮಾತಿನಲ್ಲಿ ಹೇಳಿದರು. ಅಕ್ಕ ನನ್ನ ಕಡೆ ತಿರುಗಿ, "ನೀರು ಕುಡೀ ಹೋಗು, ತುಟಿ ಬೆಳ್ಳಗಾಗಿದೆ" ಎಂದರು. ಆಮೇಲೆ ಎರಡನೇ ಮೇಜಿನ ಹತ್ತಿರ ಕೂತು ಪುಸ್ತಕ ತೆರೆದರು. ಪುಟ ತಿರುಗಲಿಲ್ಲ.

ಐಸ್ ಮಾಮ ಹೊಸ ಕರ್ನಲ್ಲಿಗೆ ಡ್ರೈವರನ್ನು ಮತ್ತೆ ಕಟ್ಟಲು ಹೊರಟರು. ಹಳೆಯ ಸಾಮಾನು ಒಂದು ಫೋಲ್ಡರಿನಲ್ಲಿ ಹಾಗೇ ಇತ್ತು. ಕಟ್ಟುವುದು ಶುರುವಾಗಿ ಅರ್ಧದಲ್ಲಿ ನಿಂತಿತು. ಒಂದು ಫೈಲ್ ಬೇಕಂತೆ. ನಾನು ಪೆನ್‌ಡ್ರೈವ್ ಹಿಡಿದು ಮೇಲಿನ ಆಫೀಸಿಗೆ ಓಡಿ, ಅಲ್ಲಿನ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಬಂದೆ. ಅದು ಇನ್ನೊಂದನ್ನು ಕೇಳಿತು. ಮತ್ತೆ ಓಡಿದೆ. ಅದು ಮತ್ತೊಂದನ್ನು ಕೇಳಿತು.

"ಮದುವೆ ಮನೆಗೆ ಒಬ್ಬರನ್ನ ಕರೆದ್ರೆ ಊರನ್ನೇ ಕರ್ಕೊಂಡು ಬರ್ತೀನಿ ಅಂತಿದೆ," ಎಂದರು. ಆದರೆ ನಗಲಿಲ್ಲ. ನಾನು ಮೂರನೇ ಸಲ ಮೆಟ್ಟಿಲಿಳಿದಾಗ ಗಂಟೆ ಹತ್ತೂ ಹತ್ತು.

ನನ್ನ ಹಿಂದೆಯೇ ಲೈಬ್ರರಿಯನ್ ಮೇಡಂ ಇಳಿದು ಬಂದರು. "ಫೋನ್ ಮಾಡಿ ಕೇಳ್ದೆ. ಬೇರೆ ಕಂಪ್ಯೂಟರ್ ಆಗಲ್ವಂತೆ. ಹತ್ತೂ ಮುಕ್ಕಾಲಿಗೆ ಲಾಗಿನ್ ಆಗ್ಲಿಲ್ಲ ಅಂದ್ರೆ ಗೈರುಹಾಜರಿ ಅಂತ ಬೀಳುತ್ತೆ." ಅವರು ಐಸ್ ಮಾಮನನ್ನು ನೋಡಿದರು, ಅಕ್ಕನನ್ನು ನೋಡಿದರು. "ಏನಾದ್ರೂ ಬೇಕಾದ್ರೆ ಹೇಳಿ" ಎಂದು ಹೋಗಿ ಮೆಟ್ಟಿಲ ಹತ್ತಿರ ನಿಂತರು.

ಐಸ್ ಮಾಮನ ಬೆರಳು ಕೀಬೋರ್ಡಿನ ಮೇಲೆ ನಿಂತಿತ್ತು. ಅವರ ಬೋಳುತಲೆಯ ಮೇಲೆ ಬೆವರು ಕಂಡಿತು. ಆ ತಣ್ಣನೆಯ ಕೋಣೆಯಲ್ಲಿ ಅವರು ಬೆವರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಕ್ಕ ಪುಸ್ತಕ ಮುಚ್ಚಿದರು. "ಮಾವ, ಒಂದು ಮಾತು ಕೇಳ್ಲಾ? ನಮ್ಮ ವಾರ್ಡಿಗೆ ಹೊಸ ಬಿಪಿ ಮೆಷಿನ್ ಬಂದ್ರೆ, ಹಳೇದನ್ನ ನಾವು ಬೀರುವಲ್ಲೇ ಇಟ್ಟಿರ್ತೀವಿ. ಹೊಸದು ಕೈ ಕೊಟ್ರೆ ಹಳೇದನ್ನ ತೆಗೀತೀವಿ. ಇದರಲ್ಲಿ ಹೊಸದು ಬಂದ ತಕ್ಷಣ ಹಳೇದನ್ನ ಎಸೆದ್ಬಿಡುತ್ತಾ?"

ಮಾಮ ಒಂದು ಕಮಾಂಡ್ ಹೊಡೆದರು. ಕಂಪ್ಯೂಟರಿನಲ್ಲಿ ಇರುವ ಕರ್ನಲ್‌ಗಳ ಪಟ್ಟಿ ಬಂತು. 137 ಇತ್ತು. ಅದರ ಕೆಳಗೆ 91 ಕೂಡ ಇತ್ತು.

"ಎಸೆದಿಲ್ಲ. ಓಡ್ತಾ ಇರೋದನ್ನ ಅದು ಎಸೆಯಲ್ಲ. ಡ್ರೈವರೂ ಅದರ ಜೊತೆಗೇ ಇರುತ್ತೆ."

"ಹಂಗಾದ್ರೆ ಅದನ್ನೇ ಎಬ್ಬಿಸಿ."

"ಎಬ್ಬಿಸಬೇಕಾದ್ರೆ," ಎಂದು ಅವರು ನಿಲ್ಲಿಸಿದರು. "ಮತ್ತೆ ಆರಿಸಬೇಕಮ್ಮ."

ಕಿಟಕಿಯಲ್ಲಿ ಯಾರದೋ ಬೂಟುಗಳು ಹೋದವು. ಮಾಮ ಮೌಸಿನ ಮೇಲೆ ಕೈಯಿಟ್ಟು, ತೆಗೆದು, ಅಂಗಿಗೆ ಒರೆಸಿಕೊಂಡರು.

"ಈಗ ಕಡೇಪಕ್ಷ ಸ್ಕ್ರೀನಾದ್ರೂ ಇದೆ. ಇದೂ ಏಳ್ಲಿಲ್ಲ ಅಂದ್ರೆ? ಆವತ್ತು ಕಂಪ್ರೆಸರ್..."

"ಆ ಕಥೆ ನಾನು ಮದುವೆಯಾಗಿ ಬಂದ ದಿನದಿಂದ ಕೇಳ್ತಿದೀನಿ ಮಾವ," ಎಂದರು ಅಕ್ಕ. ದನಿ ಮೆತ್ತಗಿತ್ತು. "ಈಗ ಇದು ಎದ್ದಿದ್ರೂ ಏನು ಉಪಯೋಗ? ಉಸಿರಾಡ್ತಾ ಮಲಗಿದೆ, ಅಷ್ಟೇ. ಮನೇಲಿ ಎಲ್ರಿಗೂ ತಣ್ಣಗಿರಿ ತಣ್ಣಗಿರಿ ಅಂತೀರಿ. ಇವತ್ತು ನಿಮ್ಮ ಐಸೇ ಕರಗ್ತಿದೆಯಲ್ಲ."

ಐಸ್ ಮಾಮನ ಮುಖದಲ್ಲಿ ನಗೆ ಬಂದ ಹಾಗಾಯಿತು. ಕೈಗಡಿಯಾರ ನೋಡಿದರು. ಹತ್ತು ಗಂಟೆ ಇಪ್ಪತ್ತೈದು ನಿಮಿಷ. "ಬರ್ಕೋ," ಎಂದು ನನಗೆ ಹೇಳಿದರು. "ನಾನು ಆರಿಸಿದೆ ಅಂತ ಬರಿ. ನಾನು ಅಂದ್ರೆ ನಾನು."

ಒತ್ತಿದರು. ಸ್ಕ್ರೀನು ಕಪ್ಪಾಯಿತು. ಫ್ಯಾನಿನ ಸದ್ದು ನಿಂತಿತು. ಆ ಸದ್ದು ಯಾವಾಗಲೂ ಇರುತ್ತಿದ್ದದ್ದು ನನಗೆ ಗೊತ್ತಾದದ್ದು ಅದು ನಿಂತಾಗಲೇ.

ಮತ್ತೆ ಫ್ಯಾನು ಸುತ್ತತೊಡಗಿತು. ಮಾಮ ಒಂದು ಗುಂಡಿಯನ್ನು ಒತ್ತಿ ಹಿಡಿದಿದ್ದರು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಸಣ್ಣ ಪಟ್ಟಿ ಬಂತು. ಹಾಗೇ ಬಿಟ್ಟಿದ್ದರೆ ಹೊಸ ಕರ್ನಲ್ಲೇ ಏಳುತ್ತಿತ್ತು. ಅವರು ಬಾಣದ ಗುಂಡಿ ಒತ್ತಿ ಕೆಳಗಿಳಿದು, ಎರಡನೇ ಸಾಲು ತೆರೆದು, ಅಲ್ಲಿ 91 ಎಂದು ಕೊನೆಯಾಗುವ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿ, ಎಂಟರ್ ಒತ್ತಿದರು. ಸಾಲುಗಳು ಸರಸರನೆ ಮೇಲಕ್ಕೆ ಓಡಿದವು. ಸ್ಕ್ರೀನು ತಿಳಿಯಾಯಿತು. ನಾನು ಕಂಪ್ಯೂಟರಿನ ಹಿಂದೆ ಬಗ್ಗಿ ಕೂತಿದ್ದೆ.

"ಏನು?" ಎಂದರು ಮಾಮ.

"ಇನ್ನೂ ಇಲ್ಲ."

ಸ್ವಲ್ಪ ಹೊತ್ತಾಯಿತು. ಡಾಂಗಲಿನ ನೀಲಿ ದೀಪ ಒಂದು ಸಲ ಮಿಣುಕಿತು. ನಿಂತಿತು. ಆಮೇಲೆ ಒಂದೇ ಸಮ ಮಿಣುಕತೊಡಗಿತು.

"ಬಂತು ಮಾಮ."

ಅವರು ಡಬ್ಬಕ್ಕೆ ಕಿವಿ ಆನಿಸಿ ಕಣ್ಣು ಮುಚ್ಚಿದರು. ಅಕ್ಕ ಪ್ರವೇಶಪತ್ರ ಹಿಡಿದು ಎದ್ದು ನಿಂತು, "ಮಾವ, ಕಿವಿ ತೆಗೀರಿ, ನಾನು ಕೂತ್ಕೋಬೇಕು," ಎಂದರು. ಹತ್ತು ಗಂಟೆ ಮೂವತ್ತಮೂರಕ್ಕೆ ಲಾಗಿನ್ ಆಯಿತು.

ಪರೀಕ್ಷೆ ಮೂರು ಗಂಟೆ. ಅಷ್ಟು ಹೊತ್ತೂ ಐಸ್ ಮಾಮ ಏಳನೇ ಮೆಟ್ಟಿಲ ಮೇಲೆ ಕೂತಿದ್ದರು. ಯಾರಾದರೂ ಇಳಿಯಲು ಬಂದರೆ ತುಟಿಯ ಮೇಲೆ ಬೆರಳಿಟ್ಟು ವಾಪಸು ಕಳಿಸುತ್ತಿದ್ದರು. ಮೇಡಂ ಕಳಿಸಿದ ಟೀ ಅವರ ಪಕ್ಕದಲ್ಲಿ ಕೆನೆಗಟ್ಟಿತು. ನಾನು ಒಂದು ಮೆಟ್ಟಿಲು ಮೇಲೆ ಕೂತೆ.

"ನನ್ನಿಂದ ತಪ್ಪಾಯ್ತು ಮಾಮ," ಎಂದೆ.

ಅವರು ಪಿಸುದನಿಯಲ್ಲಿ, "ಆವತ್ತು ಕಂಪ್ರೆಸರ್ ಎರಡು ದಿನ ಏಳ್ಲಿಲ್ವಲ್ಲ," ಎಂದರು. "ನಿಲ್ಲಿಸಿದ್ದಕ್ಕೆ ಹಂಗಾಯ್ತು ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ. ಈಗ ಅನ್ಸುತ್ತೆ, ಹನ್ನೊಂದು ವರ್ಷ ಒಂದು ಸಲಾನೂ ನಿಲ್ಲಿಸದೆ ಇದ್ದಿದ್ದಕ್ಕೆ. ಒಳಗೆ ಏನೇನು ತುಕ್ಕು ಹಿಡಿದಿತ್ತೋ, ಓಡ್ತಾ ಇದ್ದಿದ್ರಿಂದ ಯಾರಿಗೂ ಕಾಣ್ಲಿಲ್ಲ."

ಎರಡು ಗಂಟೆಗೆ ಅಕ್ಕ ಹೊರಬಂದರು. ಹೇಗಾಯಿತು ಎಂದು ಯಾರೂ ಕೇಳಲಿಲ್ಲ. ಅವರೇ, "ನಲವತ್ತೆರಡನೇ ಪ್ರಶ್ನೆ ಬಿಪಿ ಮೆಷಿನ್ನಿಂದು," ಎಂದು ಹೇಳಿ ಚಪ್ಪಲಿ ಮೆಟ್ಟಿ ಪಾಳಿಗೆ ಹೋದರು.

ಆಮೇಲೆ ಐಸ್ ಮಾಮ ಒದ್ದೆ ಬಟ್ಟೆ ತಂದು ಚೀಟಿಯ ಮೇಲೆ ಇಟ್ಟು ನೆನೆಸಿದರು. ಟೇಪು ಹಳತಾಗಿ ಗಟ್ಟಿ ಕಚ್ಚಿಕೊಂಡಿತ್ತು. ಉಗುರಿನಿಂದ ಮೂಲೆ ಎಬ್ಬಿಸಿ ನಿಧಾನವಾಗಿ ಎಳೆದರು. ಅರ್ಧ ಬಂತು, ಅರ್ಧ ಹರಿಯಿತು. ಉಳಿದ ಅಂಟನ್ನು ತಿಕ್ಕಿ ತೆಗೆದರು. ಪುಸ್ತಕದಲ್ಲಿ ಬೆಳಗಿನ ಸಾಲುಗಳ ಕೆಳಗೆ ತಾವೇ ಬರೆದರು: 'ಆರಿಸಬೇಡಿ ಎಂಬ ಚೀಟಿ ಅಂಟಿಸಿದ್ದು ನಾನು. ಇನ್ನೂರ ಹದಿನೆಂಟು ದಿನ ಆರಿಸಲು ಬಿಡಲಿಲ್ಲ. ಮೊದಲ ಅಪ್‌ಡೇಟ್ ಹಾಕಿದ ದಿನವೇ ಆರಿಸಿ ನೋಡಿದ್ದರೆ ಆವತ್ತೇ ತಿಳಿಯುತ್ತಿತ್ತು.' ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟರು. ನಾನು ಅರ್ಥವಾಗದೆ ನೋಡಿದೆ.

"ರೈಟು ಹಾಕು. ಯಾವಾಗ್ಲೂ ನಾನೇ ಹಾಕ್ಬೇಕಾ?"

ಹಾಕಿದೆ.

ಮುಂದಿನ ವಾರ ಅವರು ನಿಧಾನವಾಗಿ ಕೂತು ಹೊಸ ಕರ್ನಲ್ಲಿಗೆ ಡ್ರೈವರ್ ಕಟ್ಟಿದರು. ಇನ್ನು ಮುಂದೆ ಯಾವ ಕರ್ನಲ್ ಬಂದರೂ ಅದರ ಜೊತೆಗೇ ಡ್ರೈವರೂ ತಾನಾಗಿ ಕಟ್ಟಿಕೊಳ್ಳುವಂತೆ ಏರ್ಪಾಟು ಮಾಡಿದರು. ಅದು ಸರಿಯಾಗಿದೆಯೇ ಎಂದು ನೋಡಲು ಒಂದೇ ಬೆಳಗ್ಗೆ ನಾಲ್ಕು ಸಲ ಆರಿಸಿ ಹಚ್ಚಿದರು. ಪ್ರತಿ ಸಲವೂ, ಸ್ಕ್ರೀನು ಕಪ್ಪಾಗಿದ್ದಷ್ಟು ಹೊತ್ತು, ಅವರ ಕೈ ಮೇಜಿನ ಅಂಚನ್ನು ಹಿಡಿದಿತ್ತು.

ಫಲಿತಾಂಶ ಒಂದು ತಿಂಗಳಿಗೆ ಬಂತು. ಅಕ್ಕ ಈಗ ನರ್ಸಿಂಗ್ ತರಬೇತಿಯ ಎರಡನೇ ವರ್ಷದಲ್ಲಿದ್ದಾರೆ. ಓದಲು ಈಗಲೂ ನೆಲಮಾಳಿಗೆಗೇ ಬರುತ್ತಾರೆ.

ಐಸ್ ಮಾಮನಿಗೆ ಈಗ ಅರವತ್ತಮೂರು. ಪ್ರತಿ ತಿಂಗಳ ಮೊದಲ ಸೋಮವಾರ ಬೆಳಗ್ಗೆ ಎಂಟೂವರೆಗೆ ಬಂದು, ಮೂರೂ ಕಂಪ್ಯೂಟರುಗಳನ್ನು ಒಂದೊಂದಾಗಿ ಆರಿಸಿ, ಮತ್ತೆ ಹಚ್ಚಿ, ಡಾಂಗಲಿನ ದೀಪ ನೋಡಿ, ಪುಸ್ತಕದಲ್ಲಿ 'ನಾನು ಆರಿಸಿದೆ, ನಾನು ಹಚ್ಚಿದೆ' ಎಂದು ಬರೆಯುತ್ತಾರೆ.